ಜಗದಾಂಬಾ ಟೀಚರ್ ನಾಯಿ ಓಡಿಸಿದ್ದು

ಜಗದಾಂಬಾ ಟೀಚರನ್ನು ನಾನು ಮೊದಲು ಕಂಡ ದಿನ ಅವರು ಲಗೇಜ್ ಆಟೋ ಹಿಂದೆ ನಿಂತು ಇಬ್ಬರು ಹಮಾಲರಿಗೆ ಸೀಟಿ ಊದುತ್ತಿದ್ದರು. ಒಂದು ಸಲ ಊದಿದರೆ ಎತ್ತಬೇಕು, ಎರಡು ಸಲ ಊದಿದರೆ ಇಳಿಸಬೇಕು. ಭದ್ರಾವತಿಯ ಹುಡುಗಿಯರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ರಿಟೈರ್ ಆಗಿ, ಸವಳಂಗ ರಸ್ತೆ ಒಳಗಿನ ನಮ್ಮ ಕ್ರಾಸಿಗೆ, ನನ್ನ ಪಕ್ಕದ ಮನೆಗೇ ಬಾಡಿಗೆಗೆ ಬಂದಿದ್ದರು. ಆಟೋದಿಂದ ಇಳಿದದ್ದು ಮುಚ್ಚಿಹೋದ ಯಾವುದೋ ಜಿಮ್ಮಿನ ಟ್ರೆಡ್‌ಮಿಲ್. ಅವರ ಕಾಲ ಹತ್ತಿರ ಒಂದು ಮುಧೋಳ ನಾಯಿ ನಿಂತಿತ್ತು. ಹೆಸರು ಗರಿ. ಉದ್ದ ಮೂತಿ, ಒಳಗೆ ಸೇರಿಹೋದ ಹೊಟ್ಟೆ.

"ಏನ್ರಮ್ಮ, ನಾಯಿಗೆ ಊಟ ಹಾಕಲ್ವಾ? ಪಕ್ಕೆಲುಬು ಎಣಿಸಬೋದು" ಎಂದೆ ಕಾಂಪೌಂಡ್ ಮೇಲಿಂದ.

"ಓಡೋ ನಾಯಿ ಅಕ್ಕ, ಇರೋದೇ ಹಿಂಗೆ. ಊಟದಲ್ಲಿ ನನ್ನನ್ನೂ ಮೀರಿಸ್ತಾಳೆ."

"ಮತ್ತೆ ಈ ವಾಕಿಂಗ್ ಮಿಷನ್ ನಿಮಗಾ?"

"ನನ್ನ ಮಂಡಿ ಕೆಲಸ ಮುಗೀತು. ಇದು ಅವಳಿಗೆ."

ನಾನು ನಕ್ಕೆ. ಅವರು ನಗಲಿಲ್ಲ.

ಭದ್ರಾವತಿಯಲ್ಲಿದ್ದಾಗ ಟೀಚರ್ ದಿನಾ ಬೆಳಗ್ಗೆ ಗರಿಯ ಜೊತೆ ತಾವೂ ಓಡುತ್ತಿದ್ದರಂತೆ. ಮಂಡಿ ಆಪರೇಷನ್ ಆದ ಮೇಲೆ ಅದು ನಿಂತಿತು. ಕಟ್ಟಿಹಾಕಿದ ನಾಯಿ ಬಾಗಿಲ ಚೌಕಟ್ಟು ಕಡಿಯುತ್ತಿತ್ತು, ತೊಡೆ ಇಳಿದುಹೋಗಿತ್ತು. ಮರಿ ಕೊಟ್ಟವರು ಭದ್ರಾವತಿಯ ಮೂರ್ತಪ್ಪ. ಆ ಜಾತಿಯ ನಾಯಿಗಳನ್ನು ಸಾಕಿ ಬೆಳೆಸುವವರು. ಓಡಿಸುತ್ತೇನೆಂದು ಮಾತು ಕೊಟ್ಟವರಿಗೆ ಮಾತ್ರ ಅವರು ಮರಿ ಕೊಡುತ್ತಿದ್ದರು. ಟೀಚರ್ ಇಲ್ಲಿಗೆ ಬಂದ ವಾರದಲ್ಲೇ ಮೂರ್ತಪ್ಪನವರು ಮನೆಗೆ ಬಂದು, ಗರಿಯ ತೊಡೆ ಮುಟ್ಟಿ ನೋಡಿದರು.

"ಮೇಡಂ, ಸಂಕ್ರಾಂತಿ ಕಳೆದ ಮೇಲೆ ಹೊನ್ನಾಳಿ ಹತ್ರ ಓಟ ಇದೆ. ಬಯಲು ಪೂರ್ತಿ ಓಡಿದ್ರೆ ನಿಮ್ಮದೇ. ಇಲ್ಲಾಂದ್ರೆ ನಾನು ವಾಪಸ್ ಕರ್ಕೊಂಡ್ ಹೋಗ್ತೀನಿ. ಬೇಜಾರ್ ಮಾಡ್ಕೋಬೇಡಿ."

"ಮಿಷನ್ ಮೇಲೆ ತಯಾರ್ ಮಾಡ್ತೀನಿ ಮೂರ್ತಪ್ಪ."

"ನಾಯೀನಾ? ಹಂಗೇ ವಾಷಿಂಗ್ ಮಿಷನಲ್ಲಿ ಸ್ನಾನಾನೂ ಮಾಡಿಸಿಬಿಡಿ!"

ಅವರು ಹೋದ ಮೇಲೆ ಟೀಚರ್ ಗರಿಯ ಕಿವಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಆ ಮನೆಯಲ್ಲಿ ಅವರಿಬ್ಬರೇ ಇದ್ದದ್ದು.

ಮಿಷನ್ ಆಫ್ ಇದ್ದಾಗ ಅದರ ಮೇಲೇ ತಟ್ಟೆ ಇಟ್ಟು ಊಟ ಹಾಕಿದರು. ಹತ್ತಿತು, ತಿಂದಿತು. ಬೆಲ್ಟ್ ಅಲ್ಲಾಡಿದ ಕೂಡಲೇ ಹಾರಿ ಓಡಿತು. ದಿನಾ ಇದೇ ಕತೆ. ಒಂದು ಸಂಜೆ ನಾನು ಅವರೆಕಾಯಿ ಮೊರ ಹಿಡಿದು ಅವರ ಬಾಗಿಲಲ್ಲಿ ಕೂತು ಸುಲಿಯುತ್ತಿದ್ದೆ. ಮಿಷನ್ ಮೇಲಿದ್ದ ಗರಿ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿತ್ತು. ಟೀಚರ್ ಥಟ್ಟನೆ ಸ್ವಿಚ್ ಆರಿಸಿದರು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಮೂತಿ ಮುಂದೆ ಗೋಡೆ ಇಟ್ಟು ನಡಿ ಅಂದ್ರೆ ಯಾವ ನಾಯಿ ನಡೆಯುತ್ತೆ ಅಕ್ಕ?"

ಮಿಷನ್ನನ್ನು ಬಾಗಿಲ ಕಡೆ ತಿರುಗಿಸಿದೆವು. ನಾನು ಎದುರಿಗೆ ಕೂತೆ. ಬೆಲ್ಟ್ ಮೆಲ್ಲಗೆ ಹೊರಟಿತು. ಗರಿ ನನ್ನ ಮುಖ ನೋಡುತ್ತಾ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಟೀಚರ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಅಂದಿನಿಂದ ಅದೇ ನೇಮ. ಟೀಚರ್ ಪಕ್ಕದಲ್ಲಿ ನಿಂತು ಗರಿಯ ಎದೆಪಟ್ಟಿಯನ್ನು ಕೈಯಲ್ಲೇ ಹಿಡಿಯುತ್ತಿದ್ದರು, ಮಿಷನ್ನಿಗೆ ಎಂದೂ ಕಟ್ಟಲಿಲ್ಲ. ಊಟ ಆದ ಮೇಲೆ ಹತ್ತಿಸುತ್ತಿರಲಿಲ್ಲ. ನಾಲಿಗೆ ತುದಿ ಸೌಟಿನ ಹಾಗೆ ಅಗಲವಾದರೆ ಮೈ ಕಾದಿದೆ ಎಂದು ಅರ್ಥ, ಅಲ್ಲಿಗೆ ಬಂದ್. ಮನುಷ್ಯರ ಬೆಲ್ಟು ಈ ನಾಯಿಯ ನೆಗೆತಕ್ಕೆ ಸಾಲದು ಎಂದು ಅದರ ಮೇಲೆ ಬಿರುನಡಿಗೆ ಮಾತ್ರ. ಪೂರಾ ಓಟಕ್ಕೆ ಭಾನುವಾರ ಬಯಲಿಗೆ ಕರೆದೊಯ್ದು, ಹಗ್ಗ ಬಿಚ್ಚಿ ಅದರ ಪಾಡಿಗೆ ಬಿಡುತ್ತಿದ್ದರು. ಸಂಕ್ರಾಂತಿ ಹೊತ್ತಿಗೆ ಗರಿಯ ತೊಡೆ ಹಗ್ಗ ಹೊಸೆದಂತೆ ಬಿಗಿಯಾಗಿತ್ತು.

ಓಟಕ್ಕೆ ಬಾಡಿಗೆ ಕಾರಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಭತ್ತ ಕೊಯ್ದ ಬಯಲು. ಒಂದು ಸಲಕ್ಕೆ ಒಂದೇ ನಾಯಿ. ಒಬ್ಬರು ಹಿಡಿದು ಬಿಡಬೇಕು, ಇನ್ನೊಬ್ಬರು ಆ ತುದಿಯಲ್ಲಿ ನಿಂತು ಕರೆಯಬೇಕು. ಪ್ರತಿ ನಾಯಿಗೂ ಎರಡು ಅವಕಾಶ. ಓಟ ನಡೆಸುತ್ತಿದ್ದ ನಿರಂಜನ ಎಂಬ ಹುಡುಗ ವಯಸ್ಸಾದವರು ಎಂಬ ಮರ್ಯಾದೆಗೆ ನನ್ನನ್ನು ಶಾಮಿಯಾನದ ಮುಂದಿನ ಕುರ್ಚಿಯಲ್ಲಿ ಕೂರಿಸಿದ. ಅದು ಓಟ ಹೊರಡುವ ಜಾಗ. ಟೀಚರ್ ಆ ತುದಿಗೆ ಹೋದರು. ಮೂರ್ತಪ್ಪನವರೇ ಗರಿಯನ್ನು ಬಿಟ್ಟರು.

ಟೀಚರ್ ಕೂಗಿದರು. ಗರಿ ಸ್ವಲ್ಪ ದೂರ ಹೋಯಿತು, ನಿಂತಿತು, ಹಿಂದಕ್ಕೆ ತಿರುಗಿ ನೇರ ನನ್ನ ಹತ್ತಿರ ಬಂದು ಬಾಲ ಅಲ್ಲಾಡಿಸಿತು. ಜನ ಗೊಳ್ಳೆಂದರು.

"ಮಿಷನ್ ನಾಯಿ, ಕರೆಂಟ್ ಹೋಯ್ತೇನೋ!" ಎಂದು ಯಾರೋ ಕೂಗಿದರು.

ಮೂರ್ತಪ್ಪನವರು ನಗಲಿಲ್ಲ. ಜೇಬಿನಿಂದ ತಮ್ಮ ಹಗ್ಗ ತೆಗೆದು ಕೈಗೆ ಸುತ್ತಿಕೊಂಡರು.

ಟೀಚರ್ ಕುಂಟುತ್ತಾ ಇಡೀ ಬಯಲು ದಾಟಿ ಬಂದರು. ಬೆವರು ಇಳಿಯುತ್ತಿತ್ತು, ಮುಖ ಮಾತ್ರ ಗಟ್ಟಿಯಾಗಿತ್ತು.

"ಅವಳದ್ದೇನೂ ತಪ್ಪಿಲ್ಲ. ನಾನು ಪಕ್ಕದಲ್ಲಿರೋಳು, ಇವರು ಎದುರಿಗಿರೋರು. ನಾವೇ ಜಾಗ ಅದಲುಬದಲು ಮಾಡಿದ್ವಿ. ಅಕ್ಕ, ಏಳಿ."

"ಅಜ್ಜಿನ ಬಿಸಿಲಲ್ಲಿ ಕೂರಿಸ್ತೀರಾ ಮೇಡಂ? ನೋಡಿದೋರು ಏನಂತಾರೆ!" ಎಂದ ನಿರಂಜನ.

"ಅಜ್ಜಿಗೆ ಕಾಲಿವೆ ಮಾರಾಯ, ನೀನು ಬೈಕ್ ತೆಗಿ" ಎಂದೆ ನಾನು.

ಅವನ ಬೈಕಿನಲ್ಲಿ ಆ ತುದಿಗೆ ಹೋಗಿ, ಮಗುಚಿದ ಬಕೆಟ್ ಮೇಲೆ ಕೂತೆ. ಮೊರ ಇರಲಿಲ್ಲ, ಸೆರಗನ್ನೇ ಮಡಿಲಲ್ಲಿ ಹರಡಿಕೊಂಡೆ. ದೂರದಲ್ಲಿ ಟೀಚರ್ ಗರಿಯ ಪಕ್ಕ, ದಿನಾ ನಿಲ್ಲುವ ಹಾಗೇ ನಿಂತರು. ಕೈ ಬಿಟ್ಟರು.

ಗರಿ ಬಂದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಕಾಲು ನೆಲ ಮುಟ್ಟಿದ್ದು ಕಾಣಲಿಲ್ಲ, ಧೂಳು ಮಾತ್ರ ಕಂಡಿತು. ಬಂದು ನನ್ನ ಮಡಿಲಿಗೆ ಮೂತಿ ಇಟ್ಟಿತು. ಬಹುಮಾನ ಬೇರೆ ನಾಯಿಗಳಿಗೆ ಹೋಯಿತು, ಗರಿ ನಾಲ್ಕನೆಯದು. ಮೂರ್ತಪ್ಪನವರು ಬಂದು ಅದರ ತೊಡೆ, ಸೊಂಟ ಎಲ್ಲ ಒತ್ತಿ ನೋಡಿದರು. ಆಮೇಲೆ ಕೈಯಲ್ಲಿದ್ದ ಹಗ್ಗವನ್ನು ಟೀಚರ ಕೈಗೆ ಕೊಟ್ಟರು.

"ಇಟ್ಕೊಳಿ ಮೇಡಂ. ಇದು ನನ್ನ ಮನೇಲಿದ್ದಿದ್ರೂ ಇಷ್ಟು ಗಟ್ಟಿ ಆಗ್ತಿರ್ಲಿಲ್ಲ."

ಟೀಚರ್ ಎಲ್ಲರೆದುರು ಸೀಟಿ ಒಂದು ಸಲ ಊದಿದರು. ನಿರಂಜನ ಏನೆಂದು ತಿಳಿಯದೆ ನೋಡಿದ. ಎತ್ತಬೇಕು ಎಂದು ನನಗೆ ಗೊತ್ತಿತ್ತು. ನಾನೂ ಅವನೂ ಸೇರಿ ಗರಿಯನ್ನು ಎತ್ತಿ ಕಾರಿನ ಸೀಟಿನಲ್ಲಿ ಕೂರಿಸಿದೆವು.

ಈಗ ಮೂರ್ತಪ್ಪನವರೂ ಭದ್ರಾವತಿಗೆ ಒಂದು ಟ್ರೆಡ್‌ಮಿಲ್ ತಂದಿದ್ದಾರೆ. ನಾಯಿಗಳು ಹತ್ತುತ್ತಿಲ್ಲವಂತೆ, ಟೀಚರಿಗೆ ಫೋನಿನ ಮೇಲೆ ಫೋನು. ನಿನ್ನೆ ಸಂಜೆ ಟೀಚರ್ ಕಾಂಪೌಂಡ್ ಹತ್ತಿರ ಬಂದು ನಿಂತರು. ಗರಿ ಅವರ ಪಕ್ಕದಲ್ಲೇ ಇತ್ತು.

"ಲಿಂಗಮ್ಮಕ್ಕ, ನಾಳೆ ಅವರೆಕಾಯಿ ಭದ್ರಾವತೀಲಿ ಸುಲಿದ್ರೆ ಆಗಲ್ವಾ?"