ಸೂಚಕಿ ಇನ್ನೂ ಕುಣಿಯುತ್ತಿದ್ದರು

1979ರ ಡಿಸೆಂಬರಿನಲ್ಲಿ, ಲೋಕಸಭಾ ಚುನಾವಣೆಗೆ ನಾಮಪತ್ರ ಸಲ್ಲಿಸುವ ಕೊನೆಯ ದಿನ, ವಾರ್ಲಿ ಆದಿವಾಸಿ ಅಭ್ಯರ್ಥಿಯೊಬ್ಬರು ಥಾಣೆಯ ಚುನಾವಣಾಧಿಕಾರಿಯ ಕೋಣೆಗೆ ಸೂಚಕರಿಲ್ಲದೆ ಬಂದರು. ಗಡುವು ಮೂರು ಗಂಟೆ. ಆಗ ಎರಡು ನಲವತ್ತು.

ನಾನು ಡೊಂಬಿವಲಿಯಿಂದ ಲೋಕಲ್ ಹಿಡಿದು, ಮುಂಬಯಿಯ ಕನ್ನಡ ಪತ್ರಿಕೆಯೊಂದಕ್ಕೆ ವರದಿ ಮಾಡಲು ಹೋಗಿದ್ದೆ. ಕ್ಷೇತ್ರ ಆದಿವಾಸಿಗಳಿಗೆ ಮೀಸಲು. ಆದರೂ ಬೆಳಗಿನಿಂದ ನಾನು ಕಂಡ ಅರ್ಜಿಗಳನ್ನೆಲ್ಲ ಪಕ್ಷದ ವಕೀಲರೇ ತುಂಬಿ ತಂದಿದ್ದರು. ಈ ಅಭ್ಯರ್ಥಿ ಮಾತ್ರ ಆಶ್ರಮಶಾಲೆಯ ಮಾಸ್ತರಿಕೆ ಬಿಟ್ಟು, ಪಕ್ಷೇತರರಾಗಿ ನಿಂತು, ಅರ್ಜಿಯನ್ನು ಸ್ವಂತ ಕೈಯಲ್ಲಿ ಬರೆದಿದ್ದರು. ಸೂಚಕಿ ಅವರ ಸೋದರತ್ತೆ. ಅತ್ತೆಗೆ ಸಹಿ ಬಾರದು. ಅಧಿಕಾರಿಯ ಎದುರೇ ಹೆಬ್ಬೆಟ್ಟು ಒತ್ತಬೇಕಿತ್ತು.

ಅತ್ತೆ ಅಂಗಳದಲ್ಲಿದ್ದರು. ಜೊತೆಗೆ ಬಂದವರೆಲ್ಲ ಒಬ್ಬರ ಸೊಂಟವನ್ನೊಬ್ಬರು ಹಿಡಿದು, ತಾರ್ಪಾ ಎಂಬ ಸೋರೆಬುರುಡೆಯ ವಾದ್ಯ ಊದುವವನ ಸುತ್ತ ಕುಣಿಯುತ್ತಿದ್ದರು. ಅವನಿಗೆ ಯಾರೂ ಬೆನ್ನು ತೋರಿಸುವಂತಿಲ್ಲ.

ಅಭ್ಯರ್ಥಿ ಕಿಟಕಿಯಿಂದ ಮರಾಠಿಯಲ್ಲಿ ಕೂಗಿದರು: "ಆತ್ಯಾ, ಬೇಗ ಬಾ!"

"ತಾರ್ಪಾಕ್ಕೆ ಬೆನ್ನು ಹಾಕಿ ಬರ್ಲೇನೋ? ದಿಲ್ಲಿಗೆ ಹೋಗೋ ಗಂಡು, ಐದು ನಿಮಿಷ ಕಾಯೋಕಾಗಲ್ವಾ?" ಎಂದರು ಅತ್ತೆ, ಹೆಜ್ಜೆ ತಪ್ಪಿಸದೆ.

ಊದುವವನು ಕಿಟಕಿಯತ್ತ ನೋಡಿದ. ಊದುತ್ತಲೇ ಕಚೇರಿಯ ಬಾಗಿಲಿಗೆ ನಡೆದ. ಇಡೀ ಸಾಲು ಕುಣಿಯುತ್ತ ಹಿಂದೆ ಬಂತು.

ಬಾಗಿಲಲ್ಲಿ ಸೊಲ್ಲಾಪುರ ಕಡೆಯ ಹವಾಲ್ದಾರರೊಬ್ಬರು ಬೆಳಗಿನಿಂದ ನನ್ನ ಜೊತೆ ಕನ್ನಡ ಮಾತಾಡುತ್ತ ನಿಂತಿದ್ದರು. "ನಾಕ ಮಂದಿಗಿಂತ ಹೆಚ್ಚಿಗಿ ಬಿಡಬ್ಯಾಡ ಅಂತ ಆರ್ಡರ್ ಐತ್ರೀ. ಇದನ್ನ ಎಷ್ಟ ಮಂದಿ ಅಂತ ಎಣಿಸ್ಲಿ?"

"ಬಿಡಿಸಿ ನೋಡ್ರಿ," ಎಂದೆ.

ಅವರು ಸಾಲಿನ ನಡುವೆ ಕೈ ಹಾಕಿದರು. ಸಾಲು ಅವರನ್ನೂ ಸೇರಿಸಿಕೊಂಡಿತು. "ಅಯ್ಯಯ್ಯ, ನನ್ನ ಟೊಪಿಗಿ! ಪೇಪರಿನವ್ರ, ಹಿಡೀರಿ!" ಎನ್ನುತ್ತ ನನ್ನ ತೋಳು ಹಿಡಿದರು. ವರದಿಗಾರ ಹೊರಗೆ ನಿಂತು ಬರೆಯಬೇಕೆಂಬುದು ನಮ್ಮ ಸಂಪಾದಕರ ನಿಯಮ. ನಾನು ಪೆನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಕುಣಿಯುತ್ತ ಒಳಗೆ ಹೋದೆ. ಕಾರಿಡಾರಿನಲ್ಲಿ ಗುಮಾಸ್ತರು ಫೈಲು ಎದೆಗವಚಿಕೊಂಡು ಬೆಂಚು ಹತ್ತಿದರು. ಒಬ್ಬರಂತೂ ಬೆಂಚಿನ ಮೇಲೆಯೇ ತಾಳ ಹಾಕಿದರು.

ಅಧಿಕಾರಿಯ ಮೇಜಿನ ಮುಂದೆ ತಾರ್ಪಾ ನಿಂತಿತು.

"ಹವಾಲ್ದಾರ್, ನೀವೇನ್ರೀ ಇಲ್ಲಿ?"

"ಬಂದೋಬಸ್ತು, ಸಾಹೇಬ!"

"ಸೂಚಕರು ಯಾರು?"

ಅತ್ತೆಗೆ ಏದುಸಿರು. ಹೆಬ್ಬೆರಳೆತ್ತಿ ತೋರಿಸಿದರು. ಎರಡು ಐವತ್ತೇಳಕ್ಕೆ ಗುರುತು ಬಿತ್ತು.

ಪರಿಶೀಲನೆಯಲ್ಲಿ ಅರ್ಜಿ ಸಿಂಧುವಾಯಿತು. ಅಭ್ಯರ್ಥಿ ಸೋತರು. 1984ರಲ್ಲಿ ಮತ್ತೆ ನಾಮಪತ್ರ ಸಲ್ಲಿಸಿದರು.