ಪಂಪ್ ರಿಪೇರಿಯವಳ ಅಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಕಾಶನ ಸಂಸ್ಥೆಯ ಹಿಂದಿನ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಕುಳಿತ ಮನುಷ್ಯ ಹಳೆಯ ಕಾದಂಬರಿಯೊಂದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತುಟಿ ಅಲುಗಿಸುತ್ತ ಓದುತ್ತಾರೆ. "ಈ ನಾಯಕನ ಎಡಗೈ ಹಿಂದಿನ ಪುಸ್ತಕದಲ್ಲೇ ಹೋಯ್ತು. ಇಲ್ಲಿ ನೋಡಿದ್ರೆ ಚಪ್ಪಾಳೆ ಹೊಡೀತಾ ಕೂತಿದಾನೆ. ನನ್ನ ಕಣ್ಣು ತಪ್ಪಿಸಿಬಿಟ್ಟಿದಾನೆ," ಎನ್ನುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನನಗೆ ನಗು ಬರುತ್ತದೆ, ಅವರಿಗಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪದ ಬರೆದು ಪುಟ ತಿರುಗಿಸುತ್ತಾರೆ: 'ಆಗಿಲ್ಲ.'

ಕಚೇರಿಯಲ್ಲಿ ಇವರನ್ನು ಎಲ್ಲರೂ ಕೊಂಡಿಯಣ್ಣ ಎಂದೇ ಕರೆಯುತ್ತಾರೆ. ಟಿವಿಯಲ್ಲಿ ಎಂದೋ ಬಂದು ನಿಂತುಹೋದ ಬಾಹ್ಯಾಕಾಶ ಧಾರಾವಾಹಿಯೊಂದನ್ನು ಈ ಸಂಸ್ಥೆ ಕಾದಂಬರಿಗಳಲ್ಲಿ ಮುಂದುವರಿಸಿಕೊಂಡು ಬಂದಿದೆ. ಬರೆಯುವವರು ಹಲವರು, ಹಡಗು ಒಂದೇ. ಒಬ್ಬರು ಕೊಂದವನನ್ನು ಇನ್ನೊಬ್ಬರು ಊಟಕ್ಕೆ ಕೂರಿಸದಂತೆ, ಪುಸ್ತಕದಿಂದ ಪುಸ್ತಕಕ್ಕೆ ಕೊಂಡಿ ತಪ್ಪದಂತೆ ನೋಡಿಕೊಳ್ಳುವುದು ಇವರ ಕೆಲಸ. ಇಷ್ಟು ವರ್ಷದಲ್ಲಿ ಒಂದು ಪುಸ್ತಕದಲ್ಲೂ ಇವರ ಹೆಸರಿಲ್ಲ. ಮುಖಪುಟಕ್ಕೆ ಫೋಟೊ ಕೊಟ್ಟವರ ಬೆಕ್ಕಿಗೂ ಕೃತಜ್ಞತೆ ಸಿಕ್ಕಿದೆ.

ಇವರು ಮೊದಲು ಬರಿಯ ಅಭಿಮಾನಿ. ತಪ್ಪು ಕಂಡಾಗಲೆಲ್ಲ ಕಚೇರಿಗೆ ಫೋನು ಮಾಡಿ ತಲೆ ತಿನ್ನುತ್ತಿದ್ದರಂತೆ. ಕಾಟ ತಾಳಲಾರದೆ ಕರೆದು ಕುರ್ಚಿ ಕೊಟ್ಟರು. "ಲೋಕ ಕಟ್ಟೋದು ಅಂದ್ರೆ ಗ್ರಹಕ್ಕೆ ಬಾಯಿಗೆ ಬಂದ ಹೆಸರಿಡೋದಲ್ಲ," ಎನ್ನುತ್ತಾರೆ. "ನಿನ್ನೆ ಅತ್ತವಳ ಕಣ್ಣು ಇವತ್ತು ಊದಿರಬೇಕು. ಅಷ್ಟು ನೋಡ್ಕೊಂಡ್ರೆ ಸಾಕು, ಆ ಲೋಕ ತಾನೇ ನಿಲ್ಲುತ್ತೆ."

ಅವರಿಗೊಬ್ಬ ತಂಗಿಯಿದ್ದಳು. ನೀರಿನ ಪಂಪು ರಿಪೇರಿ ಅಂಗಡಿಯಲ್ಲಿ ಕೆಲಸ. ಹಟ ಮಾಡುವ ಮೋಟಾರನ್ನು "ಏಳೋ ಸೋಮಾರಿ" ಎಂದು ಬೈದು ಎಬ್ಬಿಸುತ್ತಿದ್ದಳು. ಅಣ್ಣನಿಗೆ ಊಟದ ಡಬ್ಬಿ ಕೊಡಲು ಬಂದವಳು ಒಮ್ಮೆ ಸರಣಿಯ ಹಿರಿಯ ಲೇಖಕಿಯನ್ನೇ ತಡೆದು ನಿಲ್ಲಿಸಿದಳು. "ಹಡಗಲ್ಲಿ ಎಲ್ಲರೂ ನಾಯಕರೇ ಆದ್ರೆ ಕೆಟ್ಟ ಪಂಪು ಯಾರಮ್ಮ ರಿಪೇರಿ ಮಾಡೋದು?" ಲೇಖಕಿ ಆ ಪ್ರಶ್ನೆಯನ್ನು ಹಾಗೇ ಬರೆದುಕೊಂಡರು. ಅದೇ ವರ್ಷ ಜ್ವರ ಎಂದು ಮಲಗಿದ ತಂಗಿ ಮತ್ತೆ ಏಳಲಿಲ್ಲ. ಇಪ್ಪತ್ತಾರು ವಯಸ್ಸು.

ಮುಂದಿನ ಕಾದಂಬರಿಯಲ್ಲಿ ಹಡಗಿಗೆ ಒಬ್ಬಳು ಪಂಪ್ ರಿಪೇರಿಯವಳು ಬಂದಳು. ಯಂತ್ರಗಳನ್ನು ಸೋಮಾರಿ ಎಂದು ಬೈಯುವವಳು. ಇವರು ಅವಳ ವಯಸ್ಸು ಇಪ್ಪತ್ತಾರು ಎಂದು ತಮ್ಮ ಪಟ್ಟಿಯಲ್ಲಿ ಬರೆದುಕೊಂಡರು. ಲೇಖಕಿಯನ್ನು ಕೇಳುವುದಾದರೂ ಏನನ್ನು? ಪುಸ್ತಕದಿಂದ ಪುಸ್ತಕಕ್ಕೆ ಅವಳು ಬೆಳೆದಳು, ಮದುವೆಯಾದಳು, ಮಗಳನ್ನು ಹೆತ್ತಳು, ಕನ್ನಡಕ ಹಾಕಿಕೊಂಡಳು. ಅವಳ ವಯಸ್ಸು ಎಲ್ಲೂ ತಪ್ಪದಂತೆ ಕಾಯ್ದವರು ಇವರು. ಹಾಗೆ ಕಾಯುತ್ತಲೇ ಒಂದು ದಿನ ತಾವೇ ಎಡವಿದರು. ತಾಯಿಯನ್ನು ತೋರಿಸಲು ಕರೆದುಕೊಂಡು ಹೋಗಿದ್ದಾಗ ವೈದ್ಯರು ಮಕ್ಕಳೆಷ್ಟು ಎಂದು ಕೇಳಿದರೆ, "ನಾನು, ತಂಗಿ. ತಂಗಿಗೀಗ ನಲವತ್ತೊಂದು," ಎಂದುಬಿಟ್ಟರು.

"ಅಮ್ಮ ಅಲ್ಲೇ ಕೂತಿದ್ರು. ತಿದ್ದಲಿಲ್ಲ. ಹೊರಗೆ ಬಂದಮೇಲೆ, ಯಾವ ಪುಸ್ತಕದಲ್ಲೋ, ಅಂತಷ್ಟೇ ಕೇಳಿದ್ರು. ಎಲ್ಲ ಹೇಳಿದೆ."

ತಾಯಿಗೆ ಸಣ್ಣಕ್ಷರ ಕಾಣುವುದಿಲ್ಲ, ಈ ಹಡಗು ಗ್ರಹಗಳ ಗೊಡವೆಯೂ ಬೇಕಿಲ್ಲ. ಆದರೆ ಅಂದಿನಿಂದ ಹೊಸ ಪುಸ್ತಕ ಮನೆಗೆ ಬಂದಾಗಲೆಲ್ಲ ಕೇಳುವುದು ಒಂದೇ ಮಾತು: "ಹೇಗಿದಾಳೆ?"

ಈ ವರ್ಷ ಧಾರಾವಾಹಿಯ ಹಕ್ಕು ಬೇರೆಯವರ ಪಾಲಾಗಿದೆ. ಅವರು ಮೊದಲಿನಿಂದ, ಹೊಸ ಹಡಗಿನೊಂದಿಗೆ ಶುರು ಮಾಡುತ್ತಾರಂತೆ. ಹಳೆಯ ಕಾದಂಬರಿಗಳಲ್ಲಿ ನಡೆದದ್ದು ಇನ್ನು ನಡೆದಂತಲ್ಲ. ಹೊಸ ಕಥೆಗೆ ಹೊಂದುವುದನ್ನು ಬಿಟ್ಟು ಉಳಿದದ್ದಕ್ಕೆಲ್ಲ 'ಆಗಿಲ್ಲ' ಎಂದು ಗುರುತು ಹಾಕಿಕೊಡಿ ಎಂದು ಕೊಂಡಿಯಣ್ಣನಿಗೇ ಹೇಳಿದ್ದಾರೆ. ಇಂಥ ಕೆಲಸಕ್ಕೆ ಇವರೇ ಬೇಕಿತ್ತೇ?

ಒಬ್ಬಳೇ ಒಬ್ಬಳನ್ನು ಉಳಿಸಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ನಿಮ್ಮನ್ನು ಕೇಳುವವರಾದರೂ ಯಾರು ಎನ್ನುತ್ತೇನೆ.

"ಹಡಗೇ ಇಲ್ಲ ಅಂದಮೇಲೆ ಅವಳು ಎಲ್ಲಿ ನಿಂತ್ಕೋಬೇಕು?" ಎನ್ನುತ್ತಾರೆ. ಪೆನ್ಸಿಲ್ ಕೆಳಗಿಡುತ್ತಾರೆ. "ಕಳೆದ ವಾರ ಅವಳ ಪುಟ ಬಂತು. ಪಕ್ಕದ ಮೇಜಿನವರು ನಾನು ಬರೀತೀನಿ ಕೊಡಿ ಅಂದ್ರು. ಬೇಡ ಅಂದೆ. ಅವಳನ್ನ ಒಂದು ಸಲವೂ ನೋಡದೇ ಇರೋರ ಕೈಲಿ ಆ ಪದ ಬರೆಸೋಕೆ ಮನಸ್ಸು ಬರಲಿಲ್ಲ. ನಾನೇ ಬರೆದೆ."

ಮನೆಯಲ್ಲಿ ಏನು ಹೇಳಿದಿರಿ ಎಂದು ಕೇಳುತ್ತೇನೆ. ಅವರು ಕಿಟಕಿಯ ಕಡೆ ತಿರುಗುತ್ತಾರೆ. ಹೊರಗೆ ಮೊದಲ ಬಸ್ಸು ಹೊರಡುತ್ತಿದೆ.

"ಇನ್ನು ಪುಸ್ತಕ ಬರಲ್ಲಮ್ಮ ಅಂದೆ. ಯಾಕೆ ಅಂತ ಕೇಳಲಿಲ್ಲ. ಹಳೇ ಪುಸ್ತಕಗಳನ್ನ ಸೆರಗಲ್ಲಿ ಒರೆಸಿ ಜೋಡಿಸಿಟ್ರು. ಆಮೇಲೆ, ಕೊನೇದರಲ್ಲಿ ಹುಷಾರಾಗಿದ್ದಳೇನೋ, ಅಂದ್ರು. ಹೂಂ ಅಮ್ಮ, ಹುಷಾರಾಗಿದ್ದಳು, ಮಗಳಿಗೆ ಜಡೆ ಹಾಕ್ತಿದ್ದಳು ಅಂದೆ. ನಿಜವಾಗ್ಲೂ ಹಾಗೇ ಇದೆ ಅದರಲ್ಲಿ, ನಾನು ಸೇರಿಸಿದ್ದಲ್ಲ. ಅಮ್ಮ ತಲೆಯಾಡಿಸಿದ್ರು. ಹಾಗಾದ್ರೆ ಈ ಸಲ ಜ್ವರ ಬರಲಿಲ್ಲ ಅನ್ನು, ಅಂದ್ರು."