ಚಿಕ್ಕಮ್ಮನ ಇನ್ನೊಂದು ಹೆಸರು

ಇದನ್ನು ಹೇಳುತ್ತೇನೆ ಹೇಳುತ್ತೇನೆ ಎಂದುಕೊಂಡೇ ವರ್ಷಗಟ್ಟಲೆ ಮುಂದೂಡಿದೆ. ಚಿಕ್ಕಪ್ಪ ಇರುವಾಗ ಬೇಡ ಎಂದೆ. ಅವನು ಹೋದ ಮೇಲೆ, ಚಿಕ್ಕಮ್ಮ ಮಕ್ಕಳು ಮೊಮ್ಮಕ್ಕಳ ನಡುವೆ ಹಾಯಾಗಿದ್ದಾಳೆ, ಹಳೆಯದನ್ನೇಕೆ ಕೆದಕುವುದು ಎಂದೆ. ಹೋದ ವರ್ಷ ಅವಳೂ ಹೋದಳು; ಇನ್ನು ಹೇಳಿ ಏನು ಫಲ ಎಂದೆ. ನೆಪಗಳಿಗೆ ಬರವೇ ಇರಲಿಲ್ಲ. ಮೊನ್ನೆ ಬೆಳಿಗ್ಗೆ ಸೊಸೆ ಹಾಸನದ ಮಾರುಕಟ್ಟೆಯಿಂದ ಅವರೆಕಾಯಿ ತಂದು ನಡುಮನೆಯಲ್ಲಿ ಸುರಿದಳು. ಸುಲಿಯಲು ನಾನೂ ಕೂತೆ. ಕಾಯಿಯ ಮೇಲಿನ ಜಿಗುಟು ಸೊಗಡು ಬೆರಳಿಗೆ ಅಂಟಿದ್ದೇ ತಡ, ಕೊಣನೂರಿನ ನಮ್ಮ ಮನೆಯ ಜಗಲಿ ಅಷ್ಟೂ ಹೆಂಗಸರ ಸಮೇತ ಎದುರಿಗೆ ಬಂದು ಕೂತಿತು. ಕೈ ತೊಳೆದೆ, ವಾಸನೆ ಹೋಗಲಿಲ್ಲ. ಅವತ್ತೇ ಈ ಕಾಗದ ಹಿಡಿದೆ.

ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಸಾಲಾಗಿ ಮೂರು ಅಂಗಡಿಗಳಿವೆ, ಒಂದರಲ್ಲಿ ಮೊಬೈಲು ರಿಪೇರಿ. ಆದರೆ ಚಳಿಗಾಲದ ಮಧ್ಯಾಹ್ನಗಳಲ್ಲಿ ಅದರ ಜಗಲಿಯ ಮೇಲೆ ಬೀಳುತ್ತಿದ್ದ ಎಳೆಬಿಸಿಲು ನನ್ನ ಬೆನ್ನಿಗೆ ಇಂದಿಗೂ ಗೊತ್ತು. ನೆನೆಹಾಕಿದ ಅವರೆಕಾಳಿನ ದೊಡ್ಡ ತಪ್ಪಲೆಯ ಸುತ್ತ ಅಜ್ಜಿ, ಅವ್ವ, ಅಕ್ಕಪಕ್ಕದ ಹೆಂಗಸರು ಕೂತು ಕಾಳು ಹಿತುಕುತ್ತಿದ್ದರು. ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಪಟ್ಟನೆ ಚಿಮ್ಮಿ ಯಾರದೋ ಕೆನ್ನೆಗೆ ತಾಗುವುದು, ನಗು ಏಳುವುದು. ಅಜ್ಜಿ ಜೀವಮಾನದಲ್ಲೇ ಸಿನಿಮಾ ನೋಡಿದವಳಲ್ಲ. ಕತ್ತಲಲ್ಲಿ ಊರವರ ಜೊತೆ ಕೂತು ಅಳುವುದು ಅವಳಿಗೆ ನಾಚಿಕೆಗೇಡು. ಆದರೆ ಕಥೆ ಮಾತ್ರ ಬೇಕು. ಹಾಗಾಗಿ ಊರಿಗೆ ಟೆಂಟು ಬಂದಾಗಲೆಲ್ಲ ಸಿನಿಮಾ ನೋಡಿಬಂದು ಆ ಜಗಲಿಯಲ್ಲಿ ಕಥೆ ಹೇಳುವ ಹಕ್ಕು ಹತ್ತು ವರ್ಷದ ನನ್ನದಾಗಿತ್ತು. ಹಾಡಿನ ಜಾಗದಲ್ಲಿ ಹಾಡುತ್ತಿದ್ದೆ, ಅಳುವ ಜಾಗದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ನಾನು ಬಾಯಿ ತೆರೆದರೆ ಅಷ್ಟು ಕೈಗಳೂ ನಿಧಾನವಾಗುತ್ತಿದ್ದವು. ಅದಕ್ಕಿಂತ ದೊಡ್ಡ ಸುಖವನ್ನು, ಮುಂದೆ ಚನ್ನರಾಯಪಟ್ಟಣದಲ್ಲಿ ನನ್ನದೇ ಜವಳಿ ಅಂಗಡಿ ತೆರೆದ ದಿನವೂ ಕಾಣಲಿಲ್ಲ.

ಚಿಕ್ಕಪ್ಪ ಬಟ್ಟೆಯ ಗಂಟು ಹೊತ್ತು ಅರಕಲಗೂಡು, ಮಲ್ಲಿಪಟ್ಟಣ, ಸಾಲಗಾಮೆ ಎಂದು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಅವನಿಗೆ ಹೊಳೆನರಸೀಪುರದಿಂದ ಹೆಣ್ಣು ತಂದರು. ಬಂದ ದಿನ ಹೊಸಿಲಿನಲ್ಲಿ ನಿಲ್ಲಿಸಿ ಗಂಡನ ಹೆಸರು ಹೇಳು ಎಂದಾಗ ನಾಚದೆ ಹೇಳಿ, ಅವಳು ಸೇರಕ್ಕಿಯನ್ನು ಒದ್ದ ರಭಸಕ್ಕೆ ಅಕ್ಕಿ ದೇವರ ಕೋಣೆಯವರೆಗೂ ಚೆಲ್ಲಿತ್ತು. ಇಡೀ ಮನೆ ನಕ್ಕಿತ್ತು. ಅವಳ ತವರಿನ ಹೆಸರೂ ನಮ್ಮಜ್ಜಿಯ ಹೆಸರೂ ಒಂದೇ. ಅತ್ತೆಯ ಹೆಸರಿನವಳನ್ನು ಅದೇ ಹೆಸರಿನಿಂದ ಕೂಗುವುದುಂಟೇ, ಗದರುವುದುಂಟೇ? ಗಂಡನಾದವನು ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕರೆಯುವುದುಂಟೇ? ಧಾರೆಯ ದಿನವೇ ಅವಳ ಹೆಸರನ್ನು ಮಂಗಳ ಎಂದು ಬದಲಾಯಿಸಿದರು. ಹಳೆಯ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವಂತಿರಲಿಲ್ಲ. ನನಗೆ ಇದೊಂದೂ ಗೊತ್ತಿರಲಿಲ್ಲ. ಅಜ್ಜಿಗೆ ಒಂದು ಹೆಸರಿರುತ್ತದೆ ಎಂಬುದೇ ನನಗೆ ಹೊಳೆದಿರಲಿಲ್ಲ.

ಆ ವರ್ಷ ಸುಗ್ಗಿ ಮುಗಿದ ಗದ್ದೆಯಲ್ಲಿ ಹಾಕಿದ ಟೆಂಟಿಗೆ ಒಂದು ಸಿನಿಮಾ ಬಂತು. ಗಂಡ ಸದಾ ಊರೂರು ತಿರುಗುವವನು. ಹೆಂಡತಿ ಒಳ್ಳೆಯವಳೇ. ಬಾಲ್ಯದ ಗೆಳೆಯನೊಬ್ಬ ಬಂದು, ಗಂಡನಿಗೂ ಗೊತ್ತಿಲ್ಲದ ಹಳೆಯ ಮುದ್ದಿನ ಹೆಸರಿನಿಂದ ಅವಳನ್ನು ಕರೆಯುತ್ತಾನೆ. ಅವಳ ಮನಸ್ಸು ಅತ್ತ ವಾಲುತ್ತದೆ. ಊರಿನ ಹೆಂಗಸರೆಲ್ಲ ಸೆರಗು ಒದ್ದೆ ಮಾಡಿಕೊಂಡು ಬರುತ್ತಿದ್ದರು. ಚಿಕ್ಕಮ್ಮ ಎರಡು ದಿನ ಅಜ್ಜಿಯ ಕಾಲೊತ್ತಿ ಅಪ್ಪಣೆ ಪಡೆದಳು. ಜೊತೆಗೆ ನಾನು. ಹೊತ್ತು ಮುಳುಗುವ ಮೊದಲೇ ಹೋಗಿದ್ದೆವು. ಮೈಕಿನಲ್ಲಿ ರೆಕಾರ್ಡು ಹಾಡುತ್ತಿತ್ತು. ಮಿಷನ್ನಿನ ಗೂಡಿನಿಂದ ಕೈಯೊರೆಸಿಕೊಳ್ಳುತ್ತ ಇಳಿದ ನರೆಗೂದಲಿನ ಆಪರೇಟರು ಚಿಕ್ಕಮ್ಮನನ್ನು ಕಂಡು ನಿಂತುಬಿಟ್ಟ. ಅವಳ ಹಳೆಯ ಹೆಸರನ್ನು ದೊಡ್ಡದಾಗಿ ಕೂಗಿ, "ನೀನೇ ಅಲ್ವೇನವ್ವಾ? ಇಷ್ಟು ದೊಡ್ಡೋಳಾಗ್ಬುಟ್ಯಾ! ಈ ಊರ್ಗೇ ಕೊಟ್ರಾ ನಿನ್ನ?" ಎಂದ.

"ಹೂಂ ಕಣ್ ಸಿದ್ದಪ್ಪಣ್ಣ" ಎಂದಳು ಚಿಕ್ಕಮ್ಮ. ನಕ್ಕಳು, ಕಣ್ಣಲ್ಲಿ ನೀರು ತುಂಬಿಕೊಂಡಳು. ಮದುವೆಯಾದ ಮೇಲೆ ಆ ಹೆಸರನ್ನು ಅವಳು ಮೊದಲ ಸಲ ಕೇಳಿದ್ದಿರಬೇಕು. ಅವನು ಜೇಬಿನಿಂದ ಫಿಲ್ಮಿನ ತುಂಡೊಂದನ್ನು ತೆಗೆದು ನನ್ನ ಕೈಗಿಟ್ಟು ಮತ್ತೆ ಗೂಡು ಹತ್ತಿದ. ಅಷ್ಟೇ ನಡೆದದ್ದು. ಒಳಗೆ ಮರಳಿನ ಮೇಲೆ ಕೂತಾಗ ಚಿಕ್ಕಮ್ಮ ನನ್ನ ಕಿವಿಯಲ್ಲಿ, "ಆ ಹೆಸ್ರು ಮನೇಲಿ ಅನ್ನಂಗಿಲ್ಲ ಕಣಪ್ಪ. ಹೇಳ್ಬ್ಯಾಡ" ಎಂದಳು. ಯಾಕೆ ಎಂದು ಹೇಳಲಿಲ್ಲ. ಹೇಳಬೇಕಾದರೆ ಅತ್ತೆಯ ಹೆಸರು ಎತ್ತಬೇಕಿತ್ತಲ್ಲ.

ಮರುದಿನ ಮಧ್ಯಾಹ್ನ ಜಗಲಿ ತುಂಬಿತ್ತು. ಗೆಳೆಯ ಬೇಲಿಯ ಗೇಟಿನ ಹತ್ತಿರ ಬಂದು ನಿಲ್ಲುವ ಜಾಗಕ್ಕೆ ಕಥೆ ತಂದಿದ್ದೆ.

"ಆಮ್ಯಾಕೆ ಅವ್ನು ಏನಂದ್ನಲಾ?" ಎಂದಳು ಎದುರುಮನೆಯ ಕೆಂಚಮ್ಮ.

"ಗಂಡಂಗೂ ಗೊತ್ತಿಲ್ದಿರೋ ಹೆಸ್ರಿಡ್ದು ಕರ್ದ."

"ಅಯ್ಯೋ ಶಿವ್ನೆ! ಗಂಡಂಗೆ ಗೊತ್ತಿಲ್ದೆ ಇನ್ನೊಂದ್ ಎಸ್ರು ಇರಾದುಂಟಾ?"

ಅಜ್ಜಿ ನಕ್ಕಳು. "ಉಪ್ಪು ಖಾರ ನೀನೇ ಹಾಕ್ತಿದ್ದೀಯ ಕಣ್ಲಾ."

ಎಲ್ಲರೂ ನಕ್ಕರು. ಬೆರಳುಗಳು ಮತ್ತೆ ಚುರುಕಾದವು. ನನ್ನ ಕಥೆ ಸೋಲುತ್ತಿತ್ತು. "ದಿಟ ಕಣಜ್ಜಿ! ನಮ್ ಚಿಕ್ಕಮ್ಮನ್ನೂ ಟೆಂಟ್‌ತಾವ ಒಬ್ಬ ಅಂಗೇ ಕರ್ದ" ಎಂದುಬಿಟ್ಟೆ.

"ಏನಂತ ಕರ್ದ?"

ನಾನು ಆ ಹೆಸರನ್ನು ಹೇಳಿದೆ. ಅಷ್ಟೂ ಕೈಗಳು ಒಟ್ಟಿಗೆ ನಿಂತವು. ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿಯ ಹೆಸರನ್ನೇ ಮೊಮ್ಮಗ ಜಗಲಿಯಲ್ಲಿ ಎತ್ತಿದ ಬೆರಗು ಅದು; ನಾನು ಮಾತ್ರ ನನ್ನ ಕಥೆ ಗೆದ್ದಿತು ಎಂದುಕೊಂಡೆ. ಹೀಗೆ ಗೆದ್ದ ಮೇಲೆ ನಿಲ್ಲಿಸಲು ಯಾರಿಗೆ ಬರುತ್ತದೆ? "ಕೈ ಹಿಡ್ಕಂಡ. ಚಿಕ್ಕಮ್ಮ ಅತ್ಬುಟ್ಳು. ಮನೇಲಿ ಹೇಳ್ಬ್ಯಾಡ ಅಂದ್ಲು."

ಅತ್ತದ್ದು ನಿಜ. ಹೇಳಬೇಡ ಎಂದದ್ದೂ ನಿಜ. ಕೈ ಹಿಡಿದದ್ದು ಮಾತ್ರ ಸುಳ್ಳು. ಹುರಿದ ಬೇಳೆಯ ತಟ್ಟೆ ಹಿಡಿದು ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅದು ನನಗೆಂದೇ ತಂದದ್ದು. ಒಂದು ಸಲ ನನ್ನನ್ನು ನೋಡಿ, ತಟ್ಟೆಯನ್ನು ನನ್ನ ಪಕ್ಕದಲ್ಲಿಟ್ಟು, ಒಳಗೆ ಹೋದಳು.

ಚಿಕ್ಕಪ್ಪ ಮಲ್ಲಿಪಟ್ಟಣದ ಸಂತೆಯಿಂದ ಬಸ್ಸಿಳಿಯುವ ಹೊತ್ತಿಗೆ ಕೆಂಚಮ್ಮನ ಮಾತು ಬಸ್ ಸ್ಟ್ಯಾಂಡಿನಲ್ಲೇ ಅವನಿಗೆ ಕಾದಿತ್ತು. ಅವನು ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಎಂಟು ದಿನ ಹೆಂಡತಿ ಬಡಿಸಿದ್ದನ್ನು ಉಣ್ಣಲಿಲ್ಲ, ಅವ್ವನೇ ಬಡಿಸಬೇಕಾಯಿತು. ಆ ಎಂಟು ದಿನ ಚಿಕ್ಕಮ್ಮ ಹಿತ್ತಿಲಿಗೆ ಹೋದರೂ ತಲೆ ತುಂಬ ಸೆರಗು ಹೊದ್ದು ಹೋದಳು. ಮಗಳನ್ನು ತವರಿಗೆ ಕರೆದುಕೊಂಡು ಹೋಗುವುದೋ ಇಲ್ಲೇ ಬಿಡುವುದೋ ತೀರ್ಮಾನವಾಗಲಿ ಎಂದು ಹೊಳೆನರಸೀಪುರದಿಂದ ಅವಳ ತಂದೆಯನ್ನು ಕರೆಸಿದರು. ಆ ಹಿರಿಯರು ಪೇಟ ಮಡಿಲಲ್ಲಿಟ್ಟುಕೊಂಡು ಹೇಳಿದರು: "ಸಿದ್ದಪ್ಪ ನಮ್ ಬೀದಿಯೋನು ಕಣವ್ವ. ಇವಳ್ನ ಹೆಗಲ ಮ್ಯಾಲೆ ಹೊತ್ಕಂಡು ಜಾತ್ರೆ ತೋರ್ಸಿದೋನು. ಮಗಳು ಅಂತ ಕರ್ದವ್ನೆ."

ಅಜ್ಜಿ ಚಿಕ್ಕಮ್ಮನ ಕಡೆ ತಿರುಗಿದಳು. "ಕೈ ಹಿಡ್ದಿದ್ದು ದಿಟವೇನವ್ವಾ?"

ನನ್ನಪ್ಪನ ಕೈಗೆಟುಕುವಲ್ಲೇ, ನನಗೆ ಬಾರಿಸಲೆಂದೇ ಇಟ್ಟ ಹುಣಸೆ ಬರಲು ಇತ್ತು. ಅವನಿಗೆ ಸುಳ್ಳು ಎಂದರೆ ಆಗದು ಎಂಬುದು ಮನೆಗೆಲ್ಲ ಗೊತ್ತು. ಚಿಕ್ಕಮ್ಮ ಬರಲನ್ನು ನೋಡಿದಳು, ನನ್ನನ್ನು ನೋಡಿದಳು. "ಹಿಡ್ದಿರ್ಬೌದು ಕಣತ್ತೆ. ಅಪ್ಪನಂಗೆ ಇರೋರು. ನಂಗೆ ನೆಪ್ಪಿಲ್ಲ" ಎಂದಳು.

ಅಜ್ಜಿ, "ಸರಿ, ನಿನ್ ಗಂಡಂಗೆ ನೀನೇ ಎಲೆ ಹಾಕೋಗು" ಎಂದಳು. ಅಲ್ಲಿಗೆ ಮುಗಿಯಿತು. ಚಿಕ್ಕಪ್ಪ ಉಂಡ. ಆದರೆ ಒಪ್ಪಿಕೊಂಡ ಮಾತು ಒಪ್ಪಿಕೊಂಡ ಮಾತೇ. ಎಷ್ಟೋ ವರ್ಷ ಕೆಂಚಮ್ಮ ನೀರಿನ ಹತ್ತಿರ ಸಿಕ್ಕಾಗ, "ಏನ್ ಮಂಗಳವ್ವ, ಟೆಂಟು ಬಂದದಂತಲ್ಲಾ?" ಎಂದು ಕುಟುಕುತ್ತಿದ್ದಳು. ಚಿಕ್ಕಮ್ಮ ಮತ್ತೆ ಟೆಂಟಿನ ಕಡೆ ಕಾಲಿಡಲಿಲ್ಲ. ಮನೆಗೆ ಟೀವಿ ಬಂದ ಮೇಲೂ ಸಿನಿಮಾ ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದಳು.

ದುಃಖದಲ್ಲೇ ಬಾಳಿದಳೆಂದು ಮಾತ್ರ ತಿಳಿಯಬೇಡಿ. ಚಿಕ್ಕಪ್ಪ ಅವಳನ್ನು ಕಣ್ಣಲ್ಲಿಟ್ಟು ನೋಡಿಕೊಂಡ. ಪ್ರತಿ ಸಂತೆಯಿಂದ ಗಂಟಿನ ಒಳ್ಳೆಯ ರವಿಕೆ ಕಣವೊಂದು ಅವಳಿಗೆ ಉಳಿದು ಬರುತ್ತಿತ್ತು. ನಾಲ್ಕು ಮಕ್ಕಳು, ತುಂಬಿದ ಮನೆ, ಮೊದಲಿನದೇ ನಗು. ಚಳಿಗಾಲ ಬಂದರೆ ನಾನು ಚನ್ನರಾಯಪಟ್ಟಣದಿಂದ ಹೋಗಲೇಬೇಕು, ಹಿತುಕಿದ ಬೇಳೆ ಸಾರು, ಅಕ್ಕಿರೊಟ್ಟಿ. ಪಕ್ಕದಲ್ಲಿ ಒಂದು ತಟ್ಟೆ ಹುರಿದ ಬೇಳೆ ಇಟ್ಟು, "ತಿನ್ನಪ್ಪ, ನಿಂಗಿಷ್ಟ ಅಲ್ವಾ" ಎನ್ನುತ್ತಿದ್ದಳು. ಪ್ರತಿ ಸಲವೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಪ್ರತಿ ಸಲವೂ ಬೇಳೆ ತಿಂದು ಎದ್ದು ಬಂದೆ.

ನನಗೊಂದು ಸಮಾಧಾನವಿತ್ತು: ಸುಳ್ಳು ನನ್ನದಲ್ಲ, ಸಿನಿಮಾದ್ದು. ಅದರಲ್ಲಿ ಗೆಳೆಯ ಕೈ ಹಿಡಿಯುತ್ತಾನೆ, ಮಗುವಿನ ತಲೆಯಲ್ಲಿ ಅದು ಇದರೊಳಗೆ ಕಲಸಿಹೋಯಿತು, ಅಷ್ಟೇ. ಮೊನ್ನೆ ಅವರೆಕಾಯಿ ಸುಲಿದ ದಿನ ಮೊಮ್ಮಗಳು ತನ್ನ ಫೋನಿನಲ್ಲಿ ಆ ಸಿನಿಮಾವನ್ನು ಹುಡುಕಿ ಕೊಟ್ಟಳು. ಪೂರ್ತಿ ನೋಡಿದೆ. ಗೆಳೆಯ ಗೇಟಿನ ಆಚೆ ನಿಂತು ಅವಳ ಹೆಸರು ಕರೆಯುತ್ತಾನೆ. ಅವಳು ಈಚೆ ನಿಂತು ಅಳುತ್ತಾಳೆ. ಅವನು ಅವಳ ಕೈ ಹಿಡಿಯುವುದಿಲ್ಲ. ಸಿನಿಮಾದುದ್ದಕ್ಕೂ ಎಲ್ಲಿಯೂ ಮುಟ್ಟುವುದಿಲ್ಲ. "ಯಾಕ್ ತಾತ, ಅಳ್ತಿದ್ದೀಯಾ? ಹಳೇ ಪಿಚ್ಚರ್ ಅಲ್ವಾ" ಎಂದಳು ಮೊಮ್ಮಗಳು. ಆ ಕೈ ಪೂರ್ತಿ ನನ್ನದೇ ಕಲ್ಪನೆ. ಅದನ್ನು ತನ್ನದೆಂದು ಒಪ್ಪಿಕೊಂಡು ಅವಳು ಜೀವನವಿಡೀ ಇಟ್ಟುಕೊಂಡಳು.

ಸಿದ್ದಪ್ಪ ಕೊಟ್ಟ ಫಿಲ್ಮಿನ ತುಂಡು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಬೆಳಕಿಗೆ ಹಿಡಿದರೆ ಏನೂ ಕಾಣದು, ಬಣ್ಣ ಹೋಗಿದೆ. ಕೊಣನೂರಿನ ನಮ್ಮ ತೋಟದಲ್ಲಿ ಚಿಕ್ಕಮ್ಮನನ್ನು ಮಣ್ಣು ಮಾಡಿದ ಜಾಗದಲ್ಲಿ ಮಕ್ಕಳು ಕಲ್ಲು ನಿಲ್ಲಿಸಿ ಮಂಗಳಮ್ಮ ಎಂದು ಕೆತ್ತಿಸಿದ್ದಾರೆ. ಅವರಿಗೆ ಬೇರೆ ಹೆಸರು ಗೊತ್ತಿಲ್ಲ. ಅಜ್ಜಿಯಿಲ್ಲ, ತವರಿನವರಿಲ್ಲ, ಸಿದ್ದಪ್ಪನಿಲ್ಲ. ಆ ಹೆಸರು ಬಲ್ಲವನು ನಾನೊಬ್ಬನೇ ಉಳಿದೆ. ಚಿಕ್ಕಮ್ಮನನ್ನು ಹೆಸರು ಹಿಡಿದು ಕರೆಯಬಾರದು ಎಂಬುದು ಗೊತ್ತು. ಆದರೆ ಒಮ್ಮೆ ಚಾಡಿಗೆಂದು ಆಡಿದ ಹೆಸರನ್ನು ಇನ್ನೊಮ್ಮೆ ತಲೆಬಾಗಿ ಬರೆಯದೆ ಹೋದರೆ, ಅದು ನನ್ನ ಚಾಡಿಯಾಗಿಯೇ ಕೊನೆಯಾಗುತ್ತದೆ. ತಪ್ಪಾಯಿತು ಎಂದು ನಾನು ಎಂದೂ ಹೇಳದೆ ಉಳಿದ ಆ ಹೆಣ್ಣುಮಗಳ ಹೆಸರು ದಾಕ್ಷಾಯಿಣಿ.